ತಮಿಳು ಭಕ್ತಿಕಾವ್ಯದ ಆನ್‌ಲೈನ್ ಕ್ಲಾಸು: ಪವಾಡ ಜಾಸ್ತಿ, ಪದ್ಯ ಕಮ್ಮಿ

ಆಳ್ವಾರರು ಯಾರು, ನಾಯನ್ಮಾರರು ಯಾರು, ಅವರು ಹಾಡಿದ್ದಾದರೂ ಏನು ಅಂತ ಕನ್ನಡದಲ್ಲೇ ಹೇಳಿಕೊಡುವ ಒಂದು ಆನ್‌ಲೈನ್ ಕೋರ್ಸ್ ಈಚೆಗೆ ಮುಗಿಸಿದೆ. ಭಾನುವಾರ ಸಂಜೆ ಜೂಮ್‌ನಲ್ಲಿ ಒಂದೂವರೆ ಗಂಟೆ, ಫೀಸು 1,500 ರೂಪಾಯಿ. ನಡೆಸುವವರದು ಸಣ್ಣ ತಂಡ. ನನ್ನ ದೂರುಗಳನ್ನು ಅವರಿಗೇ ನೇರವಾಗಿ ಬರೆದು ಕಳಿಸಿದ್ದೇನೆ, ಹಾಗಾಗಿ ಇಲ್ಲಿ ಹೆಸರು ಬೇಡ. ಇಂಥ ಕ್ಲಾಸುಗಳು ಈಗ ಬೇಕಾದಷ್ಟಿವೆ, ನೀವು ಯಾವುದಕ್ಕೆ ಸೇರಿದರೂ ನಾನು ಹೇಳುವುದು ಸ್ವಲ್ಪ ಕೆಲಸಕ್ಕೆ ಬರಬಹುದು.

ಐದಕ್ಕೆ ಮೂರು ಕೊಡುತ್ತೇನೆ. ಆ ಮೂರು ಬಂದದ್ದು ಕೆಲವೇ ಕೆಲವು ಪದ್ಯಗಳಿಂದ. ಹೋದ ಎರಡು ಪವಾಡದ ಕಥೆಗಳಿಂದ ಹೋದವು.

ವಿಷಯ ಹೊಸದು ಅನ್ನುವವರಿಗೆ ಎರಡು ಮಾತು. ಸುಮಾರು 6ರಿಂದ 9ನೇ ಶತಮಾನದವರೆಗೆ, ಪಲ್ಲವರು ಪಾಂಡ್ಯರು ಆಳುತ್ತಿದ್ದ ಕಾಲದಲ್ಲಿ, ತಮಿಳುನಾಡಿನ ಊರೂರು ಸುತ್ತಿ ಗುಡಿಗಳ ಮುಂದೆ ನಿಂತು ಹಾಡಿದವರು ಇವರು. ವಿಷ್ಣುವನ್ನು ಹಾಡಿದವರು 12 ಆಳ್ವಾರರು, ಅವರ ಹಾಡುಗಳೆಲ್ಲ ಸೇರಿ ನಾಲಾಯಿರ ದಿವ್ಯಪ್ರಬಂಧ, ಅಂದರೆ ನಾಲ್ಕು ಸಾವಿರ. ಶಿವನ ಕಡೆ 63 ನಾಯನ್ಮಾರರು. ಅಲ್ಲಿಯ ಹಾಡುಗಳನ್ನು ತಿರುಮುರೈ ಅಂತ 12 ಭಾಗ ಮಾಡಿದ್ದಾರೆ. ಮೊದಲ ಏಳು ಭಾಗ ಸಂಬಂದರ್, ಅಪ್ಪರ್, ಸುಂದರರ್ ಎಂಬ ಮೂವರದು, ಅದೇ ತೇವಾರಂ. ಎಂಟನೆಯದು ಮಾಣಿಕ್ಕವಾಸಗರ್ ಹಾಡಿದ ತಿರುವಾಸಗಂ. ತಮಾಷೆ ಅಂದರೆ ಇಷ್ಟು ದೊಡ್ಡ ಕವಿಯ ಹೆಸರು 63ರ ಪಟ್ಟಿಯಲ್ಲೇ ಇಲ್ಲ. ಪಟ್ಟಿಯಲ್ಲಿ ಇರುವವರಲ್ಲಿ ಹಾಡು ಕಟ್ಟಿದವರು ಬೆರಳೆಣಿಕೆಯಷ್ಟು ಜನ. ಉಳಿದವರು ಬದುಕಿದ ರೀತಿಗೇ ಶರಣರಾದವರು. ಕುಂಬಾರ, ಮೀನುಗಾರ, ಬೇಡ, ರಾಜ, ಎಲ್ಲರೂ ಇದ್ದಾರೆ. ಅವರ ಕಥೆಗಳನ್ನೆಲ್ಲ 12ನೇ ಶತಮಾನದಲ್ಲಿ ಸೇಕ್ಕಿಳಾರ್ ಪೆರಿಯಪುರಾಣ ಅಂತ ಬರೆದರು. ಅದು ತಿರುಮುರೈಯ ಕೊನೆಯ ಭಾಗ.

ಕೋರ್ಸಿನ ತೊಂದರೆ ಶುರುವಾಗುವುದೇ ಇಲ್ಲಿ. ಮೇಷ್ಟ್ರು ಶೈವರ ಭಾಗವನ್ನು ಪೂರ್ತಿ ಪೆರಿಯಪುರಾಣದ ದಾರಿಯಲ್ಲೇ ನಡೆಸಿದರು. ಹಾಡಿದವರು ಹಾಡದವರು ಎಲ್ಲರಿಗೂ ಒಂದೇ ಅಳತೆ. ಕಥೆ ಸೊಗಸಾಗಿಯೇ ಹೇಳುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಹರಿಕಥೆ ಕೇಳಿದ ಹಾಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಆದರೆ ಕೋರ್ಸಿನ ಹೆಸರಲ್ಲಿ ‘ಕಾವ್ಯ’ ಅಂತ ಹಾಕಿ ದುಡ್ಡು ತೆಗೆದುಕೊಂಡ ಮೇಲೆ ಕಾವ್ಯ ಬೇಕಲ್ವಾ?

ಸಂಬಂದರ್ ಕ್ಲಾಸನ್ನೇ ನೋಡಿ. ಮೂರು ವರ್ಷದ ಮಗು, ಅಪ್ಪನ ಜೊತೆ ಸೀರ್ಕಾಳಿಯ ಕೊಳಕ್ಕೆ ಹೋಗಿದೆ, ಅಪ್ಪ ಮುಳುಗು ಹಾಕಿದ್ದಾರೆ, ಮಗು ಅತ್ತಿದೆ, ಪಾರ್ವತಿ ಬಂದು ಹಾಲು ಕೊಟ್ಟಿದ್ದಾಳೆ, ಅಪ್ಪ ಮೇಲೆ ಬಂದು ಯಾರು ಕೊಟ್ಟರು ಅಂತ ಗದರಿದ್ದಾರೆ, ಮಗು ಗುಡಿಯ ಕಡೆ ಕೈ ತೋರಿಸಿ ಹಾಡಿದೆ. ಇಷ್ಟಕ್ಕೆ ಅರ್ಧ ಕ್ಲಾಸು ಹೋಯಿತು. ಹಾಡಿದ್ದೇನು ಅಂತ ಬಂದಾಗ ‘ತೋಡುಡೈಯ ಸೆವಿಯನ್’ ಅಂತ ಮೊದಲ ಸಾಲು ಓದಿ, ಶಿವನ ವರ್ಣನೆ ಇದೆ ಅಂತ ಹೇಳಿ ಮುಂದೆ ಹೋದರು.

ಆ ಪದ್ಯದಲ್ಲಿ ಏನಿದೆ ಗೊತ್ತಾ? ಕಿವಿಯಲ್ಲಿ ಹೆಂಗಸರ ಓಲೆ. ಒಂದು ಪಕ್ಕ ಪಾರ್ವತಿ ಇರುವುದು ಆ ಒಂದು ಓಲೆಯಿಂದಲೇ ತಿಳಿಯುತ್ತದೆ, ಬೇರೆ ವಿವರಣೆ ಇಲ್ಲ. ಎತ್ತಿನ ಮೇಲೆ ಕೂತಿದ್ದಾನೆ, ತಲೆಯಲ್ಲಿ ಬಿಳಿ ಚಂದ್ರ, ಮೈಗೆ ಸುಡುಗಾಡಿನ ಬೂದಿ. ಇಷ್ಟು ಹೇಳಿದ ಮೇಲೆ ‘ಎನ್ ಉಳ್ಳಂ ಕವರ್ ಕಳ್ವನ್’, ನನ್ನ ಮನಸ್ಸು ಕದ್ದ ಕಳ್ಳ ಅವನೇ, ಅನ್ನುತ್ತದೆ. ಅಪ್ಪ ಕೇಳಿದ್ದು ಹಾಲು ಕೊಟ್ಟವರು ಯಾರು ಅಂತ. ಮಗು ಹಾಲಿನ ಮಾತೇ ಎತ್ತದೆ, ನನ್ನ ಮನಸ್ಸು ಕದ್ದವನು ಇಂಥವನು ಅಂತ ಗುರುತು ಹೇಳುತ್ತಿದೆ. ಪೊಲೀಸರಿಗೆ ಚಹರೆ ಬರೆಸಿದ ಹಾಗೆ ಓಲೆ, ಎತ್ತು, ಚಂದ್ರ, ಬೂದಿ. ಈ ಪದ್ಯದ ಮೇಲೆ ಹತ್ತು ನಿಮಿಷ ನಿಂತಿದ್ದರೆ ಆ ಹಾಲಿನ ಕಥೆ ತಾನಾಗಿಯೇ ಬೇರೆ ಕಾಣುತ್ತಿತ್ತು. ನಿಲ್ಲಲಿಲ್ಲ. ನಾನು ಇದನ್ನು ಆಮೇಲೆ ಬೇರೆ ಕಡೆ ಹುಡುಕಿ ಓದಿಕೊಳ್ಳಬೇಕಾಯಿತು.

ಅಪ್ಪರ್ ಕ್ಲಾಸು ಇದಕ್ಕೆ ಪೂರ್ತಿ ಉಲ್ಟಾ, ಇಡೀ ಕೋರ್ಸಿನಲ್ಲಿ ಅದೇ ಬೆಸ್ಟ್. ಕಾರಣ ಸರಳ. ಅವತ್ತು ಮೇಷ್ಟ್ರಿಗೆ ಗಂಟಲು ಕಟ್ಟಿತ್ತು, ಅತಿಥಿಯಾಗಿ ಬಂದಿದ್ದ ಓದುವಾರ್ ಒಬ್ಬರೇ ಹೆಚ್ಚು ಹೊತ್ತು ತೆಗೆದುಕೊಂಡರು. ಓದುವಾರ್ ಅಂದರೆ ತಮಿಳುನಾಡಿನ ಶಿವಾಲಯಗಳಲ್ಲಿ ತೇವಾರ ಹಾಡುವವರು. ಆ ಹಾಡುಗಳಿಗೆ ‘ಪಣ್’ ಅನ್ನುವ ಹಳೆಯ ರಾಗಪದ್ಧತಿ ಇದೆ, ಬಾಯಿಂದ ಬಾಯಿಗೆ ಅದನ್ನು ಉಳಿಸಿಕೊಂಡು ಬಂದವರು ಇವರೇ. ಅವರಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ, ಹಾಗಾಗಿ ಕಥೆಗೆ ಹೋಗಲಿಲ್ಲ. ಅಪ್ಪರ್ ಮೊದಲು ಜೈನರ ಜೊತೆ ಇದ್ದು, ಹೊಟ್ಟೆಶೂಲೆ ಬಂದು ಅಕ್ಕ ತಿಲಕವತಿಯ ಹತ್ತಿರ ವಾಪಸ್ ಬಂದರು, ಪಲ್ಲವ ರಾಜ ಅವರನ್ನು ಸುಣ್ಣದ ಗೂಡಿಗೆ ಹಾಕಿಸಿದ, ಒಳಗೆ ಕೂತು ಇದನ್ನು ಹಾಡಿದರು ಅಂತ ಪ್ರತೀತಿ. ಇಷ್ಟನ್ನು ಎರಡು ನಿಮಿಷದಲ್ಲಿ ಮುಗಿಸಿ ಹಾಡಿಬಿಟ್ಟರು.

ಮಾಸಿಲ್ ವೀಣೈಯುಂ ಮಾಲೈ ಮದಿಯಮುಂ
ವೀಸು ತೆನ್ರಲುಂ ವೀಂಗಿಳ ವೇನಿಲುಂ
ಮೂಸು ವಂಡರೈ ಪೊಯ್ಗೈಯುಂ ಪೋನ್ರದೇ
ಈಸನ್ ಎಂದೈ ಇಣೈಯಡಿ ನೀಳಲೇ

ದೋಷವಿಲ್ಲದ ವೀಣೆಯ ನಾದ, ಸಂಜೆಯ ಚಂದ್ರ, ಬೀಸುವ ತೆಂಗಾಳಿ, ಆಗಷ್ಟೇ ಏರುತ್ತಿರುವ ಬೇಸಿಗೆ, ದುಂಬಿ ಮುತ್ತಿ ಗುಂಯ್‌ಗುಡುವ ಕೊಳ, ನನ್ನ ತಂದೆ ಈಶನ ಪಾದದ ನೆರಳು ಇವೆಲ್ಲದರ ಹಾಗೆ. ಇಷ್ಟೇ ಪದ್ಯ. ಬೆಂಕಿಯ ಮಾತು ಒಂದೂ ಇಲ್ಲ, ಗೂಡಿನ ಮಾತಿಲ್ಲ, ಕಾಪಾಡು ಅಂತ ಕೂಗಿಲ್ಲ. ಓದುವಾರ್ ಅದನ್ನೇ ಮತ್ತೆ ಮತ್ತೆ ಹಾಡಿದರು. ಮೊದಲು ಇಡಿಯಾಗಿ, ಆಮೇಲೆ ಒಂದೊಂದೇ ಸಾಲು ನಿಲ್ಲಿಸಿ. ಎರಡನೇ ಸಾಲಿನಲ್ಲಿ ‘ವೀ’ ‘ವೀ’ ಅಂತ ಗಾಳಿ ಎಳೆದಂತೆ ಕೇಳುವುದನ್ನು ಸುಮ್ನೆ ಹಾಡಿಯೇ ತೋರಿಸಿದರು, ವ್ಯಾಕರಣ ಹೇಳಲಿಲ್ಲ. ಸುಡುವ ಕಡೆ ಕೂತವನು ತಂಪಾದದ್ದನ್ನೇ ಒಂದೊಂದಾಗಿ ಎಣಿಸುತ್ತಿದ್ದಾನೆ ಅನ್ನುವುದು ಕೇಳುತ್ತ ಕೇಳುತ್ತ ತಾನಾಗಿ ಹೊಳೆಯಿತು. ಚಾಟ್‌ನಲ್ಲಿ ಯಾವಾಗಲೂ ಸುರಿಯುವ ಕೈಮುಗಿಯುವ ಇಮೋಜಿಗಳು ಕೂಡ ಅವತ್ತು ನಿಂತಿದ್ದವು. ನನ್ನ 1,500 ರೂಪಾಯಿಯಲ್ಲಿ ಸಾವಿರ ಅಲ್ಲಿಗೇ ವಸೂಲಾಯಿತು.

ಕಥೆ ಬೇಡವೇ ಬೇಡ ಅಂತ ನನ್ನ ವಾದವಲ್ಲ. ಮೊದಲ ಮೂವರು ಆಳ್ವಾರರ ಕ್ಲಾಸಿನಲ್ಲಿ ಕಥೆ ಇಲ್ಲದೆ ಪದ್ಯ ನಿಲ್ಲುವುದೇ ಇಲ್ಲ, ಅದನ್ನು ಮೇಷ್ಟ್ರು ಚೆನ್ನಾಗಿಯೇ ನಿಭಾಯಿಸಿದರು. ತಿರುಕ್ಕೋವಲೂರಿನಲ್ಲಿ ಮಳೆಯ ರಾತ್ರಿ, ಒಂದು ಮನೆಯ ಇಕ್ಕಟ್ಟಾದ ಪಡಸಾಲೆ. ಮೊದಲು ಪೊಯ್ಗೈ ಆಳ್ವಾರ್ ಬಂದು ಮಲಗುತ್ತಾರೆ. ಪೂದತ್ತಾಳ್ವಾರ್ ಬರುತ್ತಾರೆ, ಒಬ್ಬರು ಮಲಗುವಲ್ಲಿ ಇಬ್ಬರು ಕೂರಬಹುದು. ಪೇಯಾಳ್ವಾರ್ ಬರುತ್ತಾರೆ, ಇಬ್ಬರು ಕೂರುವಲ್ಲಿ ಮೂವರು ನಿಲ್ಲಬಹುದು. ಆಮೇಲೆ ನಾಲ್ಕನೆಯವರು ಯಾರೋ ನಡುವೆ ಒತ್ತುತ್ತಿರುವ ಹಾಗೆ ಅನಿಸುತ್ತದೆ, ಕತ್ತಲಲ್ಲಿ ಕಾಣುವುದಿಲ್ಲ. ದೀಪ ಬೇಕು. ಪೊಯ್ಗೈ ಭೂಮಿಯನ್ನೇ ಹಣತೆ ಮಾಡಿ, ಕಡಲನ್ನು ತುಪ್ಪ ಮಾಡಿ, ಸೂರ್ಯನನ್ನು ದೀಪವಾಗಿ ಹಚ್ಚುತ್ತಾರೆ. ಪೂದತ್ತಾಳ್ವಾರ್ ಹಚ್ಚುವುದು ಬೇರೆ ದೀಪ. ಪ್ರೀತಿಯೇ ಹಣತೆ, ಹಂಬಲವೇ ತುಪ್ಪ, ಕರಗುವ ಮನಸ್ಸೇ ಬತ್ತಿ. ಹೊರಗೊಂದು ಒಳಗೊಂದು ದೀಪ ಹತ್ತಿದ ಮೇಲೆ ಪೇಯಾಳ್ವಾರ್ ಬಾಯಲ್ಲಿ ಬರುವುದು ಕಂಡೆ, ಕಂಡೆ ಅನ್ನುವ ಮಾತು. ‘ತಿರುಕ್ಕಂಡೇನ್ ಪೊನ್ಮೇನಿ ಕಂಡೇನ್’, ಸಿರಿಯನ್ನು ಕಂಡೆ, ಹೊನ್ನಿನ ಮೈಯನ್ನು ಕಂಡೆ. ಒತ್ತುತ್ತಿದ್ದ ನಾಲ್ಕನೆಯವನು ವಿಷ್ಣುವೇ. ಮೂವರದೂ ನೂರು ನೂರು ಪದ್ಯ. ಮೂರು ಪದ್ಯಗಳನ್ನೂ ಒಂದರ ಪಕ್ಕ ಒಂದಿಟ್ಟು ಓದಿಸಿದರು. ಹೀಗೆ ಮಾಡಿ ಸ್ವಾಮಿ ಅಂತ ಕೂಗಬೇಕು ಅನಿಸಿತು.

ನಮ್ಮಾಳ್ವಾರ್‌ಗೆ ಮಾತ್ರ ದೊಡ್ಡ ಅನ್ಯಾಯ ಆಯಿತು. ತಿರುವಾಯ್‌ಮೊಳಿ ಒಂದರಲ್ಲೇ 1,102 ಪದ್ಯ, ಕೊಟ್ಟದ್ದು ಒಂದೇ ಕ್ಲಾಸು. ಅದರಲ್ಲೂ ಮೊದಲ ಮುಕ್ಕಾಲು ಗಂಟೆ ಹುಣಸೆಮರದ ಕೆಳಗೆ ಮಾತಿಲ್ಲದೆ ಕೂತ ಮಗುವಿನ ಕಥೆ. ಆಳ್ವಾರರ ಹಾಡುಗಳನ್ನು ಒಟ್ಟುಗೂಡಿಸಿದ ವೈಷ್ಣವ ಆಚಾರ್ಯ ನಾಥಮುನಿಗಳ ಕಥೆ ಬಂದಿತು, ಅದನ್ನು ಮಾತ್ರ ಯಾರೂ ಬಿಡಬಾರದು. ಕುಂಭಕೋಣದ ದೇವರ ಮೇಲಿನ ಹತ್ತು ಪದ್ಯ ಕೇಳಿದರಂತೆ, ಕೊನೆಯಲ್ಲಿ ‘ಸಾವಿರದಲ್ಲಿ ಈ ಹತ್ತು’ ಅಂತ ಇದೆ, ಹಾಗಾದರೆ ಉಳಿದ 990 ಎಲ್ಲಿ? ಹಾಡಿದವರಿಗೂ ಗೊತ್ತಿಲ್ಲ. ಹುಡುಕುತ್ತ ನಮ್ಮಾಳ್ವಾರ್ ಊರಾದ ತಿರುಕ್ಕುರುಗೂರಿಗೆ ಹೋದರು, ಅಲ್ಲಿ ಮಧುರಕವಿ ಆಳ್ವಾರ್ ಹಾಡನ್ನು 12,000 ಸಲ ಜಪಿಸಿದರು, ಸಾವಿರ ಕೇಳಿದ್ದಕ್ಕೆ ನಾಲ್ಕು ಸಾವಿರವೂ ಸಿಕ್ಕಿತು ಅನ್ನುವುದು ಸಂಪ್ರದಾಯದ ಮಾತು. ಜಪ ನಂಬುತ್ತೀರೋ ಬಿಡುತ್ತೀರೋ, ಒಂದು ದೊಡ್ಡ ಕಾವ್ಯ ಮರೆತೇಹೋಗುವ ಹಂತದಲ್ಲಿತ್ತು ಅನ್ನುವುದಂತೂ ಅದರಿಂದ ಗೊತ್ತಾಗುತ್ತದೆ. ಶೈವರ ಕಡೆಯೂ ಇದೇ ಕಥೆ. ತೇವಾರದ ತಾಳೆಗರಿಗಳು ಚಿದಂಬರದ ಕೋಣೆಯೊಂದರಲ್ಲಿ ಗೆದ್ದಲು ಹಿಡಿದು ಕೂತಿದ್ದವಂತೆ, ನಂಬಿ ಆಂಡಾರ್ ನಂಬಿ ಅವನ್ನು ತೆಗೆಸಿ ಜೋಡಿಸಿದರು. ಇವೆರಡನ್ನೂ ಕೂಡಿಸಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಬೇರೆ ಬೇರೆ ವಾರಗಳಲ್ಲಿ ಬೇರೆ ಬೇರೆ ಪವಾಡಗಳಾಗಿ ಬಂದುಹೋದವು.

ಹೀಗಾಗಿ ತಿರುವಾಯ್‌ಮೊಳಿ ಕಟ್ಟಿರುವ ರೀತಿಯನ್ನು ಕೊನೆಯ ಐದು ನಿಮಿಷದಲ್ಲಿ ತುರುಕಿದರು. ಒಂದು ಪದ್ಯದ ಕೊನೆಯ ಮಾತು ಹಿಡಿದುಕೊಂಡೇ ಮುಂದಿನ ಪದ್ಯ ಶುರುವಾಗುತ್ತದೆ. ಇದು ಅಂದಾದಿ. 1,102 ಪದ್ಯವೂ ಹೀಗೆ ಕೈ ಹಿಡಿದು ಹೋಗಿ, ಕಟ್ಟಕಡೆಯ ಪದ್ಯದ ‘ಉಯರ್ಂದೇ’ ಮತ್ತೆ ಮೊದಲ ಪದ್ಯದ ‘ಉಯರ್ವಱ’ಕ್ಕೆ ಬಂದು ಕೂಡಿಕೊಳ್ಳುತ್ತದೆ. ಇದಕ್ಕೇ ಒಂದು ಕ್ಲಾಸು ಬೇಕಿತ್ತು.

12 ಆಳ್ವಾರರಲ್ಲಿ ಒಬ್ಬಳೇ ಹೆಣ್ಣಾದ ಆಂಡಾಳ್ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೇಳಲಿಕ್ಕಿದೆ. ಅವಳ ತಿರುಪ್ಪಾವೈ ನಮಗೆ ಹೊಸದಲ್ಲ. ಮೇಲುಕೋಟೆ, ಮೈಸೂರಿನ ಅಯ್ಯಂಗಾರರ ಮನೆಗಳಲ್ಲಿ ಧನುರ್ಮಾಸದ ಬೆಳಗ್ಗೆ ಅದು ಇದ್ದೇ ಇರುತ್ತದೆ, ಕನ್ನಡ ಲಿಪಿಯ ಪುಸ್ತಕ ಹಿಡಿದೇ ಓದುತ್ತಾರೆ. ತಿರುಪತಿಯಲ್ಲಿ ಆ ತಿಂಗಳು ಸುಪ್ರಭಾತದ ಬದಲಿಗೆ ಇದೇ. ನಮ್ಮ ಕ್ಲಾಸಿನಲ್ಲಿ ಒಬ್ಬರು ಅಜ್ಜಿ ಇದ್ದರು, ಮೈಕ್ ಆಫ್ ಮಾಡುವುದು ಗೊತ್ತಾಗದೆ ಮೇಷ್ಟ್ರ ಜೊತೆ ‘ಮಾರ್ಗಳಿ ತಿಂಗಳ್’ನಿಂದ ಹಿಡಿದು ಹೇಳುತ್ತಾ ಹೋದರು, ಮೇಷ್ಟ್ರು ತಡವರಿಸಿದ ಕಡೆ ಅಜ್ಜಿ ನಿಲ್ಲಲಿಲ್ಲ. ಅದರ 30 ಪಾಶುರಕ್ಕೂ, ಅಂದರೆ ಪದ್ಯಕ್ಕೂ, ಮೇಷ್ಟ್ರು ಅರ್ಥ ಹೇಳಿದರು, ನಿಧಾನವಾಗಿ, ಚೆನ್ನಾಗಿ. ಅಲ್ಲಿಗೆ ಆಂಡಾಳ್ ಮುಗಿದಳು!

ಅವಳ ಇನ್ನೊಂದು ಕೃತಿ ನಾಚ್ಚಿಯಾರ್ ತಿರುಮೊಳಿ, 143 ಪದ್ಯ, ಅದಕ್ಕೆ ಒಂದೇ ಸ್ಲೈಡು. ಅದರಲ್ಲೂ ಮದುವೆಯ ಕನಸಿನ ‘ವಾರಣಮಾಯಿರಂ’ ಮಾತ್ರ. ಸಾವಿರ ಆನೆಗಳ ನಡುವೆ ಅವನು ಬರುವ ಕನಸು ಕಂಡೆ ಕಣೇ ಅಂತ ಗೆಳತಿಗೆ ಹೇಳುವುದು, ಮದುವೆಮನೆಗಳಲ್ಲಿ ಹಾಡುತ್ತಾರೆ, ಯಾರಿಗೂ ಮುಜುಗರವಿಲ್ಲ. ಅದೇ ಆಂಡಾಳ್ ಅವನ ಶಂಖವನ್ನು ಹಿಡಿದು ಕೇಳುವ ಪ್ರಶ್ನೆ ಬಿಟ್ಟುಹೋಯಿತು. ಕರ್ಪೂರದ ಪರಿಮಳವೋ, ಕಮಲದ ಪರಿಮಳವೋ, ಆ ಹವಳದ ಕೆಂಪುಬಾಯಿ ಸಿಹಿಯಾಗಿರುತ್ತದೋ, ಆಸೆಯಿಂದ ಕೇಳುತ್ತಿದ್ದೇನೆ, ಹೇಳು ಬಿಳಿ ಶಂಖವೇ. ಶಂಖ ಅವನ ತುಟಿಗೆ ತಾಗಿದೆ, ತಾನು ತಾಗಿಲ್ಲ. ಹೊಟ್ಟೆಕಿಚ್ಚು ಇದೆ, ಕುತೂಹಲ ಇದೆ, ಭಕ್ತಿಯೂ ಇದೆ, ಯಾವುದು ಎಲ್ಲಿ ಮುಗಿಯುತ್ತದೆ ಅಂತ ಹೇಳಲಾಗುವುದಿಲ್ಲ. ಅಕ್ಕಮಹಾದೇವಿಯನ್ನು ಓದಿ ಬೆಳೆದ ನಮಗೆ ಇದನ್ನು ಕೇಳುವ ಶಕ್ತಿ ಇಲ್ಲ ಅಂದುಕೊಂಡರೋ ಏನೋ. ಮುಡಿದ ಹೂಮಾಲೆ ದೇವರಿಗೆ ಕಳಿಸಿದ ಕಥೆಯನ್ನು ಅಷ್ಟು ಪ್ರೀತಿಯಿಂದ ಹೇಳಿದವರು, ಆ ಮಾಲೆ ಮುಡಿದ ಹುಡುಗಿಯ ಮಾತನ್ನೇ ಮುಚ್ಚಿಟ್ಟದ್ದು ನನಗೆ ಸರಿ ಕಾಣಲಿಲ್ಲ.

63 ನಾಯನ್ಮಾರರಲ್ಲಿ ಒಬ್ಬಳಾದ ಕಾರೈಕ್ಕಾಲ್ ಅಮ್ಮೈಯಾರ್‌ಗೂ ಇದೇ ಗತಿ. ಮಾವಿನಹಣ್ಣಿನ ಕಥೆ ಪೂರ್ತಿ. ಗಂಡ ಕಳಿಸಿದ ಎರಡು ಹಣ್ಣಿನಲ್ಲಿ ಒಂದನ್ನು ಶಿವಭಕ್ತನಿಗೆ ಬಡಿಸಿದ್ದು, ಗಂಡ ಇನ್ನೊಂದು ಕೇಳಿದ್ದು, ಬೇಡಿಕೊಂಡಾಗ ಕೈಗೆ ಹಣ್ಣು ಬಂದದ್ದು. ಆಮೇಲೆ ರೂಪ ಬೇಡವೆಂದು ಪೇಯಿಯ, ಅಂದರೆ ದೆವ್ವದ, ಮೈ ಪಡೆದು ತಲೆಕೆಳಗಾಗಿ ಕೈಲಾಸ ಹತ್ತಿದ್ದು. ಆದರೆ ಆ ಪೇಯಿಯನ್ನು ಅವಳೇ ಹಾಡಿದ್ದಾಳೆ. ಬತ್ತಿದ ಮೊಲೆ, ಎದ್ದ ನರ, ಗುಳಿಬಿದ್ದ ಕಣ್ಣು, ಹೊರಗೆ ಚಾಚಿದ ಕೋರೆ, ಕೆಂಪು ಕೂದಲು, ಅಂಥ ಪೇಯಿ ಕೂಗುವ ಸುಡುಗಾಡಿನಲ್ಲಿ ನಮ್ಮಪ್ಪ ಶಿವ ಕುಣಿಯುತ್ತಾನೆ, ಆ ಊರೇ ಆಲಂಗಾಡು. ತೇವಾರದ ಮೂವರಿಗಿಂತ ಮೊದಲೇ ಒಬ್ಬ ಹೆಂಗಸು ಹೀಗೆ ಬರೆದಳು. ಒಂದು ಪದ್ಯ ಓದಿದ್ದರೂ ಸಾಕಿತ್ತು.

ಇನ್ನೊಂದು ಮಾತು ಹೇಳಲೇಬೇಕು. ಸಂಬಂದರ್ ಹಾಡುಗಳಲ್ಲಿ ಸಾಮಾನ್ಯವಾಗಿ ಹತ್ತನೇ ಪದ್ಯ ಜೈನರನ್ನೂ ಬೌದ್ಧರನ್ನೂ ಬೈಯುವುದಕ್ಕೇ ಮೀಸಲು. ಮಧುರೆಯಲ್ಲಿ ಎಂಟು ಸಾವಿರ ಜೈನರನ್ನು ಶೂಲಕ್ಕೇರಿಸಿದರು ಅನ್ನುವ ಕಥೆಯೂ ಇದೆ. ಅದಕ್ಕೆ ಚರಿತ್ರೆಯಲ್ಲಿ ಗಟ್ಟಿ ಆಧಾರ ಇಲ್ಲ ಅಂತ ಎಷ್ಟೋ ವಿದ್ವಾಂಸರು ಹೇಳುತ್ತಾರೆ, ಆದರೆ ಕಥೆ ಇದೆ, ಗುಡಿಗಳಲ್ಲಿ ಚಿತ್ರವೂ ಇದೆ. ಯಾರೋ ಚಾಟ್‌ನಲ್ಲಿ ಕೇಳಿದರು, ‘ಅದು ಈಗ ಬೇಡ’ ಅಂತ ಉತ್ತರ ಬಂತು. ಪಂಪ, ಪೊನ್ನ, ರನ್ನರನ್ನು ಓದುವ ಕನ್ನಡದವರ ಮುಂದೆ ಈಗ ಬೇಡ ಅಂದರೆ ಇನ್ನು ಯಾವಾಗ? ಒಳ್ಳೆಯ ಕವಿ ಕಟುವಾಗಿಯೂ ಮಾತಾಡಿದ್ದಾನೆ ಅಂತ ಹೇಳಿದರೆ ಕೇಳುವವರಿಗೆ ಏನೂ ಆಗುವುದಿಲ್ಲ.

ಕನ್ನಡದ ನಂಟಿನ ಬಗ್ಗೆ ಕೊನೆಯ ಕ್ಲಾಸಿನಲ್ಲಿ ಅವಸರವಾಗಿ ಬಂತು. ನನ್ನ ಪ್ರಕಾರ ಅಲ್ಲಿಂದಲೇ ಶುರು ಮಾಡಬೇಕಿತ್ತು. ವಚನಗಳಲ್ಲಿ ಬರುವ ‘ಪುರಾತನರು’ ಈ ನಾಯನ್ಮಾರರೇ. ಹರಿಹರ ಇವರ ಮೇಲೆ ರಗಳೆ ಬರೆದಿದ್ದಾನೆ, ಸುಂದರರ್ ಅವನಲ್ಲಿ ನಂಬಿಯಣ್ಣ. ನಂಜನಗೂಡಿನ ಗುಡಿಯಲ್ಲಿ ಸಾಲಾಗಿ ನಿಂತಿರುವ ಇವರ ಮೂರ್ತಿಗಳ ಮುಂದೆ ನಾವು ಎಷ್ಟು ಸಲ ಸುಮ್ಮನೆ ಹಾದುಹೋಗಿಲ್ಲ! ಇವರಲ್ಲೇ ಒಬ್ಬನ ಕಥೆಯಾದ 1954ರ ಸಿನಿಮಾ ‘ಬೇಡರ ಕಣ್ಣಪ್ಪ’ ನೋಡದ ಮನೆ ಇದೆಯೇ? ಇನ್ನು ಗೋಕರ್ಣ. ಸಂಬಂದರ್, ಅಪ್ಪರ್ ಇಬ್ಬರ ಹಾಡೂ ಇರುವ, ನಮ್ಮ ಕರ್ನಾಟಕದ ಕ್ಷೇತ್ರ ಅದು. ಇದು ನನಗೆ ಈ ಕೋರ್ಸಿನಿಂದಲೇ ಗೊತ್ತಾಗಿದ್ದು, ಅದಕ್ಕೆ ಥ್ಯಾಂಕ್ಸ್.

ವ್ಯವಸ್ಥೆಯ ವಿಷಯ ಬೇಗ ಮುಗಿಸುತ್ತೇನೆ. ಪಿಡಿಎಫ್ ತಮಿಳು ಲಿಪಿಯಲ್ಲಿ ಮತ್ತು ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ. ಕನ್ನಡದ ಕ್ಲಾಸಿಗೆ ಕನ್ನಡ ಲಿಪಿಯಲ್ಲಿ ಪದ್ಯ ಕೊಡದಿರುವುದು ಅಂದರೆ ನನಗೆ ಅರ್ಥವಾಗದ ವಿಷಯ. ಅರ್ಧ ಜನ ಅಲ್ಲೇ ಕಳೆದುಹೋದರು. ರೆಕಾರ್ಡಿಂಗ್ ಒಂದು ತಿಂಗಳಿಗೆ ಮಾಯ. ಓದುವಾರ್ ಹಾಡಿದ್ದನ್ನು ಆಡಿಯೋ ಮಾಡಿ ಕೊಡಿ ಅಂತ ಕೇಳಿದೆವು, ನೋಡೋಣ ಅಂದರು, ಬರಲಿಲ್ಲ. ವಾಟ್ಸಾಪ್ ಗ್ರೂಪ್ ಶುಭೋದಯದ ಚಿತ್ರಗಳಿಗೆ ಬಲಿಯಾಯಿತು. ಫೀಸು ದುಬಾರಿ ಅಂತ ಹೇಳಲಾರೆ. ಪ್ರಶ್ನೆ ಕೇಳಿದರೆ ಮೇಷ್ಟ್ರು ಬೇಸರ ಮಾಡಿಕೊಳ್ಳುವುದಿಲ್ಲ, ಹೊತ್ತು ಮೀರಿದರೂ ಕೂರುತ್ತಾರೆ.

ಯಾರು ಸೇರಬಹುದು? ಈ ಹೆಸರುಗಳೇ ಕೇಳಿಲ್ಲ, ಕಥೆಗಳಿಂದ ಶುರು ಮಾಡೋಣ ಅನ್ನುವವರು ಧಾರಾಳವಾಗಿ ಸೇರಿ. ಪದ್ಯ ಬೇಕು ಅನ್ನುವವರು ದುಡ್ಡು ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ. ಒಂದು ಕ್ಲಾಸಿನಲ್ಲಿ ಎಷ್ಟು ಪದ್ಯ ಓದಿಸುತ್ತೀರಿ? ಓದುವಾರ್ ಎಷ್ಟು ಸಲ ಬರುತ್ತಾರೆ? ಮುಂದಿನ ಬ್ಯಾಚ್ ಧನುರ್ಮಾಸಕ್ಕೆ ಅಂತ ಹೇಳಿದ್ದಾರೆ, ಕನ್ನಡ ಲಿಪಿಯ ಪಿಡಿಎಫ್ ಮಾಡಿಸುತ್ತೇವೆ ಅಂತಲೂ ನನ್ನ ಪತ್ರಕ್ಕೆ ಉತ್ತರ ಬಂದಿದೆ. ಅಪ್ಪರ್ ಕ್ಲಾಸು ಒಂದಕ್ಕೇ ಬಿಡಿಯಾಗಿ ದುಡ್ಡು ತೆಗೆದುಕೊಳ್ಳುವುದಾದರೆ ನಾನು ಇನ್ನೊಮ್ಮೆ ಕಟ್ಟುತ್ತೇನೆ.